ಮುಷ್ಟಿಯೊಳಗಿನ ಹುಣಸೆ ಬೀಜ

ಚಿಕ್ಕಂದಿನಲ್ಲಿ ನಾನೂ ತಮ್ಮನೂ ಹುಣಸೆ ಬೀಜದ ಆಟ ಆಡುತ್ತಿದ್ದೆವು. ಒಬ್ಬರು ಮುಷ್ಟಿಯಲ್ಲಿ ಬೀಜ ಬಚ್ಚಿಡುವುದು, ಇನ್ನೊಬ್ಬರು ಎಷ್ಟೆಂದು ಹೇಳುವುದು. ನನಗೆ ಮೂರರ ಮೇಲೆ ಮೋಹ. ಅದು ಅವನಿಗೆ ತಿಳಿದದ್ದೇ ತಡ, ನನ್ನ ಬೀಜಗಳೆಲ್ಲ ಅವನ ಚಡ್ಡಿ ಜೇಬು ಸೇರಿದವು. ಆಮೇಲೆ ನಾನು ಕಣ್ಣು ಮುಚ್ಚಿ ಕೈಗೆ ಸಿಕ್ಕಷ್ಟು ಹಿಡಿಯತೊಡಗಿದೆ. ಅವನ ಲೆಕ್ಕ ತಪ್ಪಿತು.

ಇದಕ್ಕೊಂದು ಶಾಸ್ತ್ರವೇ ಇದೆಯೆಂದು ಗೊತ್ತಾದದ್ದು ತಲೆ ನರೆತ ಮೇಲೆ. ಜಾನ್ ಫಾನ್ ನಾಯ್ಮನ್ ಎಂಬ ಗಣಿತಜ್ಞ 1928ರಲ್ಲಿ ಇಂಥ ಆಟಗಳ ಮೂಲ ಪ್ರಮೇಯವನ್ನು ಸಾಧಿಸಿದ. ಎದುರಾಳಿ ನಿಮ್ಮ ರೂಢಿಯನ್ನು ಬಲ್ಲವನಾದರೆ ಆಯ್ಕೆಯನ್ನು ಚೀಟಿ ಎತ್ತಿದಂತೆ ಮಾಡಬೇಕು. ಯಾವ ಚೀಟಿ ಎಷ್ಟಿರಬೇಕೆಂಬುದಕ್ಕೆ ಮಾತ್ರ ಲೆಕ್ಕವಿದೆ. ಎರಡನೆಯ ಮಹಾಯುದ್ಧದಲ್ಲಿ ಅದೇ ಮನುಷ್ಯ ಅಮೆರಿಕದ ನೌಕಾಪಡೆಗೆ ಮೈನುಗಳ, ಅಂದರೆ ಕಡಲೊಳಗೆ ಹುದುಗಿಸುವ ಬಾಂಬುಗಳ, ವಿಷಯದಲ್ಲಿ ಕೆಲಸ ಮಾಡಿದ.

1945ರಲ್ಲಿ ಅಮೆರಿಕದ ವಿಮಾನಗಳು ಜಪಾನಿನ ಸುತ್ತಲಿನ ನೀರಿಗೆ ಸುಮಾರು 12,000 ಮೈನುಗಳನ್ನು ಉದುರಿಸಿದವು. ಕೆಲವಕ್ಕೆ ಹಡಗು ಎಣಿಸುವ ಯಂತ್ರವಿತ್ತು. ಮೊದಲ ಕೆಲವು ಹಡಗುಗಳು ಹಾದುಹೋದರೂ ಅದು ಸುಮ್ಮನಿರುತ್ತದೆ. ನಾಲ್ಕು ಸಲ ಗುಡಿಸಿ ದಾರಿ ಶುದ್ಧವಾಯಿತು ಎಂದುಕೊಂಡರೆ ಐದನೆಯ ಸಲಕ್ಕೆ ಸಿಡಿದೀತು! ಎಲ್ಲಕ್ಕೂ ಒಂದೇ ಎಣಿಕೆ ಇಟ್ಟರೆ ನನ್ನ ಮೂರು ಬೀಜದ ಹಾಗೆ ಗುಟ್ಟು ಬಯಲು. ಹಾಗಾಗಿ ಬೆರೆಸಿಡಬೇಕು. ಗುಡಿಸುವವನ ಪಾಡು ಕೇಳಿ: ಕಡಿಮೆ ಗುಡಿಸಿದರೆ ಹಡಗು ಹೋದೀತು, ಗುಡಿಸುತ್ತಲೇ ಇದ್ದರೆ ಬಂದರು ಮುಚ್ಚಿಯೇ ಇರುತ್ತದೆ. ಅದೂ ಮೈನಿಟ್ಟವನ ಗೆಲುವೇ. ಎಲ್ಲೋ ಒಂದು ಕಡೆ ಸಾಕೆನ್ನಬೇಕು. ಹಾಗೆ ಸಾಕೆಂದಾಗ ಉಳಿದ ಅಪಾಯ ಎಷ್ಟೇ ಸಣ್ಣದಿರಲಿ, ಸೊನ್ನೆಯಲ್ಲ.

ಆ ಸೊನ್ನೆಯಲ್ಲದ ಭಾಗದಲ್ಲಿ ನನ್ನ ತಮ್ಮನಿದ್ದ. 1987ರಲ್ಲಿ ಅವನು ಪರ್ಷಿಯನ್ ಕೊಲ್ಲಿಯ ಎಣ್ಣೆ ಹಡಗೊಂದರಲ್ಲಿ ಕೆಲಸಕ್ಕಿದ್ದ. ಜುಲೈ 24ರಂದು ಅಮೆರಿಕದ ಯುದ್ಧನೌಕೆಗಳ ಕಾವಲಿನಲ್ಲಿ ಹೊರಟಿದ್ದ ಬ್ರಿಡ್ಜ್‌ಟನ್ ಎಂಬ ದೈತ್ಯ ಟ್ಯಾಂಕರ್ ಮೈನಿಗೆ ತಾಗಿತು. ಮುಳುಗಲಿಲ್ಲ. ಆಮೇಲೆ ಕಾವಲಿನ ನೌಕೆಗಳೇ ಅದರ ಹಿಂದೆ ಸಾಲುಗಟ್ಟಿ ಸಾಗಿದವು. ದೊಡ್ಡ ಹಡಗು ಇನ್ನೊಂದು ಏಟನ್ನು ತಾಳೀತು, ತಮ್ಮ ತೆಳು ಒಡಲಿಗೆ ಅದಾಗದು ಎಂಬ ಲೆಕ್ಕ. ಲೆಕ್ಕ ಸರಿಯೇ.

ಪೇಪರಿನಲ್ಲಿ ಬಂದದ್ದನ್ನು ಓದಿ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಅಮ್ಮ ಮೊರ ಕೆಳಗಿಟ್ಟು, "ಕಾಯುವವರೇ ಹಿಂದೆ ನಿಂತರೆ ಮುಂದೆ ಹೋಗುವವರು ಯಾರ ಮಕ್ಕಳು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ತಮ್ಮ ಮರಳಿ ಬಂದ. ಮೊನ್ನೆ ಅವನಿಗೆ ಈ ಆಟದ ಶಾಸ್ತ್ರವನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ನಮಗೆ ಅಷ್ಟೆಲ್ಲ ಗೊತ್ತಿರಲಿಲ್ಲ ಅಕ್ಕ. ರಾತ್ರಿ ಲೈಫ್ ಜಾಕೆಟ್ ಹಾಕಿಕೊಂಡೇ ಮಲಗುತ್ತಿದ್ದೆವು" ಎಂದ. ಮೂವತ್ತು ವರ್ಷ ದಾಟಿದ ಮೇಲೆ ಮೊದಲ ಸಲ ಹೇಳಿದ ಮಾತು. ಅಮ್ಮನಿಗೆ ಅದು ಕೊನೆಯವರೆಗೂ ತಿಳಿಯಲಿಲ್ಲ.