ಬೆಲ್ಟಿನ ದಾರಿ

2014ರ ಚಳಿಗಾಲದಲ್ಲಿ ಮಿಷಿಗನ್ನಿನ ಮಗನ ಮನೆಯಲ್ಲಿದ್ದೆ. ಅವನ ಹಳೆಯ ಕಾರು ಬೆಳಗಾದರೆ ಕಿರ್ರನೆ ಅರಚುತ್ತಿತ್ತು. ಸರ್ಪೆಂಟೈನ್ ಬೆಲ್ಟು ಸವೆದಿತ್ತು. ಆಲ್ಟರ್ನೇಟರು, ಸ್ಟೀರಿಂಗ್ ಪಂಪು, ಏಸಿ ಎಲ್ಲವನ್ನೂ ತಿರುಗಿಸುವುದು ಹಾವಿನಂತೆ ಬಳುಕಿ ಸುತ್ತುವ ಆ ಒಂದೇ ಪಟ್ಟಿ.

“ಅಪ್ಪಾ, ಬಿಚ್ಚುವ ಮುಂಚೆ ಇದರ ದಾರಿ ಬರೆದುಕೊಡಿ” ಎಂದ. ಕರಿಹಲಗೆಗೆ ಪಳಗಿದ ಕೈ, ಬರೆದುಕೊಟ್ಟೆ. ಉದ್ದ ಹಿಡಿಯ ಸ್ಪ್ಯಾನರಿನಿಂದ ಟೆನ್ಷನರನ್ನು ಸಡಿಲಿಸಿ ಹಳೆಯದನ್ನು ಕಳಚಿದ, ಹೊಸದನ್ನು ತೊಡಿಸಿದ. ಒಂದು ರಾಟೆಯ ಮೇಲೆ ಬೆಲ್ಟು ಒಂದು ಗೆರೆ ತಪ್ಪಿ ಅಂಚಿಗೆ ಜರುಗಿದ್ದುದು ಟಾರ್ಚು ಹಿಡಿದಿದ್ದ ನನಗೆ ಕಂಡಿತು. ಹಾಗೆಯೇ ಓಡಿಸಿದ್ದರೆ ಹೊಸ ಬೆಲ್ಟೂ ಹರಿಯುತ್ತಿತ್ತು. ಸರಿಪಡಿಸಿದ. ಕಾರು ಅರಚಲಿಲ್ಲ.

ಒಂಬತ್ತರ ವಯಸ್ಸಿನಲ್ಲಿ ಗಡಿಯಾರ ಬಿಚ್ಚಿದನೆಂದು ಇವನನ್ನು ಬೆತ್ತದಿಂದ ಹೊಡೆದಿದ್ದೆ. ಆ ಮಾತೆತ್ತಿದೆ.

“ಅದನ್ನು ಮತ್ತೆ ಜೋಡಿಸಲು ಆಗಲಿಲ್ಲವಲ್ಲ, ಅದಕ್ಕೇ ಇಂದು ಚಿತ್ರ ಬರೆಸಿದ್ದು” ಎಂದು ಕೈಯ ಮಸಿ ಒರೆಸಿಕೊಳ್ಳುತ್ತ ನಕ್ಕ. ನನಗೆ ನಗಲಾಗಲಿಲ್ಲ.