ಹೆರಿಗೆಯ ಮರೆ

ಕನ್ನಡದಲ್ಲಿ ಗೋಸುಂಬೆಗೆ ಒಳ್ಳೆಯ ಹೆಸರಿಲ್ಲ. ಪಕ್ಷ ಬದಲಿಸುವ ರಾಜಕಾರಣಿಯನ್ನು, ಮಾತು ಬದಲಿಸುವ ನೆಂಟನನ್ನು ಹೀಗಳೆಯಬೇಕಾದಾಗ ಮಾತ್ರ ನಮಗೆ ಅದರ ನೆನಪಾಗುತ್ತದೆ. ಹಾರುವ ಓತಿಗೆ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿಯೇ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟಿತು. ಗೋಸುಂಬೆಗೆ ಅಂಥ ಭಾಗ್ಯ ಬರಲಿಲ್ಲ. ಡೊಂಬಿವಲಿಯ ಕನ್ನಡ ಗೃಹಿಣಿಯೊಬ್ಬರು ತಮ್ಮ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಅಂಥದೊಂದು ಪ್ರಾಣಿಯ ಸೂಲಗಿತ್ತಿಯಾಗಬೇಕಾಗಿ ಬಂದದ್ದು ಆಕಸ್ಮಿಕವೇ ಸರಿ.

2019ರ ಬೇಸಿಗೆಯಲ್ಲಿ ಅವರು ನ್ಯೂಜೆರ್ಸಿಗೆ ಹೋದದ್ದು ಮಗಳ ಎರಡನೆಯ ಬಾಣಂತನಕ್ಕೆ. ಚೀಲದಲ್ಲಿ ಅಂಟು, ಒಣಕೊಬ್ಬರಿ, ಅಳವಿ, ಮೆತ್ತಗಿನ ಹಳೆಯ ಸೀರೆಗಳು. ಮನೆಯಲ್ಲಿ ಹತ್ತು ವರ್ಷದ ಮೊಮ್ಮಗಳು. ಅವಳ ಕೋಣೆಯಲ್ಲಿ ಆಳೆತ್ತರದ ಜಾಲರಿ ಪಂಜರ. ಒಳಗೆ ತಲೆಯ ಮೇಲೆ ಶಿಖೆಯಂಥ ಏಣು ಹೊತ್ತ, ಯೆಮೆನ್ ಮತ್ತು ಸೌದಿ ಅರೇಬಿಯದ ನೈಋತ್ಯ ಸೀಮೆಯ ಮೂಲದ ವೇಲ್ಡ್ ಕಮೀಲಿಯನ್ ಜಾತಿಯ ಹೆಣ್ಣು ಗೋಸುಂಬೆ. ನಮ್ಮ ನಾಡಿನ ಗೋಸುಂಬೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅಲ್ಲಿ ಈ ಜಾತಿಯನ್ನು ಅಂಗಡಿಯಲ್ಲಿಯೇ ಮಾರುತ್ತಾರೆ. ಒಂದು ಕಣ್ಣು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿಸಿ ತಮ್ಮನ್ನು ದಿಟ್ಟಿಸಿದ ಆ ಜೀವವನ್ನು ಕಂಡು ಅಜ್ಜಿ ಮೊದಲ ವಾರ ಆ ಕೋಣೆಗೆ ಕಾಲಿಡಲಿಲ್ಲ.

ಎರಡನೆಯ ವಾರ ಮೊಮ್ಮಗಳು ಅಳುತ್ತ ಬಂದಳು. ಗೋಸುಂಬೆ ಹುಳು ತಿನ್ನುತ್ತಿಲ್ಲ. ಹಸಿರು ಮೈ ಕಪ್ಪಿಟ್ಟು, ನೀಲಿ ಹಳದಿ ಚುಕ್ಕೆಗಳೆದ್ದಿವೆ. ಕೊಂಬೆ ಬಿಟ್ಟಿಳಿದು ಪಂಜರದ ನೆಲವನ್ನು ಹಗಲೆಲ್ಲ ಕೆರೆಯುತ್ತಿದೆ. ಅಜ್ಜಿ ಬಗ್ಗಿ ನೋಡಿದರು. ಉಬ್ಬಿದ ಎರಡೂ ಪಕ್ಕೆಗಳಲ್ಲಿ ಕಡಲೆಕಾಳು ತುಂಬಿದ ಚೀಲದಂತೆ ಉಂಡೆಗಳು.

"ಇದು ಬಸರೈತಲ್ಲ," ಎಂದರು.

"ಆಯಿ, ಗಂಡೇ ಇಲ್ಲ, ಹೆಂಗ ಆಗ್ತದ?"

"ಫಾರಂ ಕೋಳಿ ಇಡಂಗಿಲ್ಲೇನು? ಹಂಗ."

ಅವರ ಊಹೆ ಸರಿಯಾಗಿಯೇ ಇತ್ತು. ಈ ಜಾತಿಯ ಹೆಣ್ಣು ಪ್ರಾಯಕ್ಕೆ ಬಂದ ಮೇಲೆ ಗಂಡಿನ ಸಂಗವಿಲ್ಲದೆಯೂ ಮೊಟ್ಟೆಗಳನ್ನು ಕಟ್ಟುತ್ತದೆ. ಅವು ಮರಿಯಾಗವು, ಆದರೆ ಹೆರುವ ಸಂಕಟವಂತೂ ತಪ್ಪದು. ಮೈಯಲ್ಲಿ ಸುಣ್ಣದ ಅಂಶ ಕಡಿಮೆಯಾದರೆ ಸ್ನಾಯುಗಳಿಗೆ ಮೊಟ್ಟೆಯನ್ನು ನೂಕುವ ಬಲವಿರುವುದಿಲ್ಲ. ನೀರು ಸಾಲದಿದ್ದರೆ, ಬೊಜ್ಜು ಬೆಳೆದಿದ್ದರೆ, ಎಲ್ಲಕ್ಕಿಂತ ಹೆಚ್ಚಾಗಿ ಇಡಲು ಒಪ್ಪುವ ಜಾಗ ಸಿಗದಿದ್ದರೆ ಅದು ಮೊಟ್ಟೆಗಳನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಹಿಡಿದಿಟ್ಟುಕೊಂಡೇ ಸಾಯುತ್ತದೆ.

ಪಶುವೈದ್ಯೆ ಎಕ್ಸ್‌ರೇ ತೆಗೆದು, ಸುಣ್ಣದ ದ್ರವ ಕೊಟ್ಟು, ಮಣ್ಣಿನ ತೊಟ್ಟಿ ಇಡಲು ಹೇಳಿದರು. ಹಗಲಲ್ಲಿ ಕಣ್ಣು ಮುಚ್ಚಿ ನೆಲದಲ್ಲಿ ಬಿದ್ದುಕೊಂಡರೆ ತಡಮಾಡದೆ ಕರೆತರಬೇಕೆಂದೂ ಎಚ್ಚರಿಸಿದರು. ಅಳಿಯ ತಂದಿಟ್ಟ ತೊಟ್ಟಿಯಲ್ಲಿ ನಾಲ್ಕು ಬೆರಳು ಮರಳಿತ್ತು. ಗೋಸುಂಬೆ ತೋಡಿತು, ಪ್ಲಾಸ್ಟಿಕ್ ತಳ ಉಗುರಿಗೆ ತಾಕಿತು, ಮೇಲೆ ಬಂತು, ಇನ್ನೊಂದು ಮೂಲೆಯಲ್ಲಿ ತೋಡಿತು. ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. ಮೊಮ್ಮಗಳ ಗೆಳತಿಯರಿಬ್ಬರು ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದರು. ಪ್ರತಿಸಲವೂ ಅದು ತೋಡುವುದನ್ನು ನಿಲ್ಲಿಸಿ, ಒಂದು ಕಣ್ಣನ್ನು ಇವರ ಕಡೆ ತಿರುಗಿಸಿ, ಕೊಂಬೆಗೆ ಮರಳುತ್ತಿತ್ತು.

ಅಜ್ಜಿ ಎಲ್ಲರನ್ನೂ ಹೊರಗೆ ಕಳಿಸಿದರು. "ಹೆರೂಹೊತ್ನ್ಯಾಗ ಹಿಂಗ ಜಾತ್ರಿ ನೆರೆದು ನೋಡ್ತಾರೇನು? ನಡೀರಿ." ಅಳಿಯನಿಂದ ಇನ್ನೆರಡು ಚೀಲ ಮರಳು ತರಿಸಿ, ಒಂದೂವರೆ ಗೇಣು ಆಳಕ್ಕೆ ತುಂಬಿ, ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲುವಷ್ಟು ನೀರು ಚಿಮುಕಿಸಿದರು. ತೋಡಿದ ಸುರಂಗ ಕುಸಿಯಬಾರದಲ್ಲ! ಆಮೇಲೆ ಬಾಣಂತಿಗೆಂದು ತಂದ ಹಳೆಯ ಇಳಕಲ್ಲ ಸೀರೆಯೊಂದನ್ನು ಪಂಜರದ ಮೂರೂ ಕಡೆ ಇಳಿಬಿಟ್ಟರು. ಗೋಸುಂಬೆ ಸಾಕುವವರ ಕೈಪಿಡಿಗಳು ಹೇಳುವುದೂ ಇದನ್ನೇ: ತೇವದ ಮಣ್ಣು, ಒಂದಡಿ ಆಳ, ಯಾರ ಕಣ್ಣಿಗೂ ಬೀಳದ ಮರೆ. ಅಜ್ಜಿ ಆ ಕೈಪಿಡಿಗಳನ್ನು ಓದಿದವರಲ್ಲ.

ಅವರ ಅರಿವು ಪರಳದ ಚಾಳಿನದು. ಬಾಗಲಕೋಟೆಯ ಕಡೆಯ ಹಳ್ಳಿಯಿಂದ ಮದುವೆಯಾಗಿ ಗಿರಣಿ ಕಾರ್ಮಿಕನ ಜೊತೆ ಮುಂಬಯಿಗೆ ಬಂದಾಗ ಅವರಿಗೆ ದೊರೆತದ್ದು ಒಂದೇ ಖೋಲಿ. ಅದರಲ್ಲಿ ಏಳು ಜನ. ಮೈದುನರು ಪಾಳಿಯ ಪ್ರಕಾರ ಮಲಗುತ್ತಿದ್ದರು. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳನ್ನು ತವರಿಗೆ ಕಳಿಸುವ ಪದ್ಧತಿಯನ್ನು ನಮ್ಮ ವಿದ್ವಾಂಸರು ಬಾಂಧವ್ಯದ ದೃಷ್ಟಿಯಿಂದ ವಿವರಿಸುತ್ತಾರೆ. ಚಾಳಿನ ಹೆಂಗಸರಿಗೆ ಅದು ಒಂದು ಕತ್ತಲೆಯ ಮೂಲೆ ಸಿಗುವ ಏಕೈಕ ಉಪಾಯವೂ ಆಗಿತ್ತೆಂಬುದನ್ನು ಯಾರೂ ಬರೆದಂತಿಲ್ಲ. ಈಕೆಯ ತಾಯಿ ಆಗಲೇ ತೀರಿಕೊಂಡಿದ್ದರು. 1978ರಲ್ಲಿ ನೋವು ಶುರುವಾದಾಗ ಖೋಲಿಯಲ್ಲಿ ಗಂಡಸರಿದ್ದರೆಂದು ಇಡೀ ರಾತ್ರಿ ಹಲ್ಲು ಕಚ್ಚಿ, ಸದ್ದು ಮಾಡದೆ, ಯಾರಿಗೂ ಹೇಳದೆ ಕುಳಿತರು. ಬೆಳಗ್ಗೆ ಆಸ್ಪತ್ರೆ ಸೇರುವಷ್ಟರಲ್ಲಿ ಹೊತ್ತು ಮೀರಿತ್ತು. ಕೂಸು ಉಳಿಯಲಿಲ್ಲ. 1982ರ ಗಿರಣಿ ಮುಷ್ಕರದ ತರುವಾಯ ಡೊಂಬಿವಲಿಗೆ ಬಂದು, ಅಲ್ಲಿ ಹುಟ್ಟಿದ ಈ ಮಗಳಿಗೆ ತನಗೊಬ್ಬ ಅಣ್ಣನಿದ್ದನೆಂಬುದಷ್ಟೇ ಗೊತ್ತಿತ್ತು. ಉಳಿದುದನ್ನು ತಾಯಿ ಹೇಳಿದ್ದು ಆ ರಾತ್ರಿ, ಸೀರೆಯ ಮರೆಯ ಈಚೆ, ಮಗಳ ಊದಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೀವುತ್ತ, ತಗ್ಗಿದ ದನಿಯಲ್ಲಿ. ಒಳಗೆ ಮರಳು ಕೆರೆಯುವ ಸದ್ದು ನಿಂತು ನಿಂತು ಕೇಳುತ್ತಿತ್ತು.

ಮೂರನೆಯ ದಿನ ಬೆಳಗ್ಗೆ ಗುಂಡಿ ಮುಚ್ಚಿತ್ತು. ಗೋಸುಂಬೆ ತಾನೇ ಮಣ್ಣೆಳೆದು, ಕಾಲಿನಿಂದ ತಟ್ಟಿ ಸಮಮಾಡಿ, ಮಣ್ಣು ಮೆತ್ತಿದ ಮುಖದಲ್ಲಿ ಕೊಂಬೆಗೆ ಆತುಕೊಂಡಿತ್ತು. ಅಗೆದು ಎಣಿಸಿದರೆ ಮೂವತ್ತೇಳು, ಬಿಳಿಯ ಮೆತ್ತನೆಯ ಮೊಟ್ಟೆಗಳು. ಮನೆಯಲ್ಲಿ ಸಂಭ್ರಮವಾಯಿತು; ಅಜ್ಜಿಗೆ ಮಾತ್ರ ಆಗಲಿಲ್ಲ. ಎಡಪಕ್ಕೆಯ ಉಂಡೆಗಳು ಹಾಗೆಯೇ ಇದ್ದವು. ಮಧ್ಯಾಹ್ನದ ವೇಳೆಗೆ ಅದು ಕಣ್ಣು ಮುಚ್ಚಿ ನೆಲಕ್ಕಿಳಿಯಿತು. ಕಣ್ಣುಗುಡ್ಡೆ ಒಳಗೆ ಕುಸಿದಿತ್ತು.

ಎಕ್ಸ್‌ರೇಯಲ್ಲಿ ಇನ್ನೂ ಆರು ಕಂಡವು. ಚರ್ಮದಡಿ ನೀರು, ಸುಣ್ಣದ ಚುಚ್ಚುಮದ್ದು, ಅದಾದ ಮೇಲೆ ಹೆಂಗಸರ ಹೆರಿಗೆಯಲ್ಲಿ ಕೊಡುವ ಅದೇ ಆಕ್ಸಿಟೋಸಿನ್. ಹಲ್ಲಿಯ ಕುಲದಲ್ಲಿ ಈ ಮದ್ದು ನಾಟುವ ಭರವಸೆ ಕಡಿಮೆ, ನಾಟದಿದ್ದರೆ ಹೊಟ್ಟೆ ಕೊಯ್ಯಬೇಕು ಎಂದರು ವೈದ್ಯೆ. ಅದರ ಖರ್ಚು ಕೇಳಿ ಅಳಿಯ ಸುಮ್ಮನಾದ. ಅವನನ್ನು ದೂರಲಾಗದು, ಮನೆಯಲ್ಲಿ ಇನ್ನೊಂದು ಹೆರಿಗೆ ಕಾದಿತ್ತು. ಅತ್ತೆಯೇ ಅಂದರು: "ಬಾಣಂತನ ಮಾಡಿದ್ದಕ್ಕ ನನಗ ಸೀರಿ ಉಡಸ್ತೀರಲ್ಲ, ಬ್ಯಾಡ. ಆ ರೊಕ್ಕ ಇದಕ್ಕ ಹಾಕ್ರಿ."

ಹಾಕಬೇಕಾಗಿ ಬರಲಿಲ್ಲ. ರಾತ್ರಿ ನಾಲ್ಕು, ನಸುಕಿನಲ್ಲಿ ಎರಡು ಬಂದವು. ಈ ಪ್ರಾಣಿ ಬಟ್ಟಲಿನ ನೀರನ್ನು ಮುಟ್ಟದು. ಎಲೆಯ ಮೇಲಿನ ಹನಿಯನ್ನೇ ನೆಕ್ಕಬೇಕು. ಅಜ್ಜಿ ಗೋಣು ನೋಯುವವರೆಗೂ ನಿಂತು ಎಲೆಗಳಿಗೆ ಹನಿ ಹನಿಯಾಗಿ ನೀರು ಬಿಟ್ಟರು. ಒಂದು ತಾಸಿನ ಮೇಲೆ ನಾಲಗೆಯ ತುದಿ ಹೊರಗೆ ಬಂತು. ಮೂರು ದಿನಕ್ಕೆ ಮೈಯ ಕಪ್ಪು ಹೋಗಿ ಹಸಿರು ತಿರುಗಿತು.

ಮೊಟ್ಟೆಗಳನ್ನು ಕಾವಿಗಿಡಬೇಕೆಂದು ಮೊಮ್ಮಗಳು ಹಟ ಹಿಡಿದಳು. ಇವು ಜೊಳ್ಳು ಎಂದು ಅಜ್ಜಿ ಅವಳಿಗೆ ಬಿಡಿಸಿ ಹೇಳಿ, ಇಬ್ಬರೂ ಸೇರಿ ಹಿತ್ತಲಲ್ಲಿ ಹೂತರು. ಹದಿನಾರು ದಿನಗಳ ಬಳಿಕ ಮಗಳಿಗೆ ಗಂಡುಮಗುವಾಯಿತು. ಆಸ್ಪತ್ರೆಯ ಕೋಣೆಯಲ್ಲಿ ಅಳಿಯನ ಹೊರತು ಯಾರೂ ಇರಬಾರದೆಂದು ಅಜ್ಜಿ ತಾವೂ ಹೊರಗೇ ಕುಳಿತಿದ್ದರು.

ವೈದ್ಯೆಯ ಸೂಚನೆಯಂತೆ ಗೋಸುಂಬೆಗೆ ದಿನ ಬಿಟ್ಟು ದಿನ ಹುಳು ಹಾಕುವ ಕ್ರಮ ಬಂತು, ದೀಪದ ಶಾಖ ತುಸು ಇಳಿಯಿತು. ಹೊಟ್ಟೆ ತುಂಬ ತಿಂದು ಬೆಚ್ಚಗಿದ್ದಷ್ಟೂ ಅದು ಹೆಚ್ಚು ಮೊಟ್ಟೆ ಕಟ್ಟಿ ಬೇಗ ಸವೆಯುತ್ತದೆಯಂತೆ. ಅಜ್ಜಿ ಡೊಂಬಿವಲಿಗೆ ಮರಳಿದ ಮೇಲೆ, ಡಿಸೆಂಬರಿನ ಒಂದು ಬೆಳಗ್ಗೆ ಫೋನು ಬಂತು. ಮೊಮ್ಮಗಳು ಪಿಸುಮಾತಿನಲ್ಲಿ ಹೇಳುತ್ತಿದ್ದಳು:

"ಆಯಿ, ಮತ್ತ ಕೆರೀಲಿಕ್ಕೆ ಹತ್ಯದ. ನಾ ಸೀರಿ ಕಟ್ಟೀನಿ. ಯಾರನ್ನೂ ಒಳಗ ಬಿಟ್ಟಿಲ್ಲ."