ಪುಲಿಕಾಟ್ ದಂಡೆಯಲ್ಲಿ ಒಂದು ಅಮಾವಾಸ್ಯೆಯ ರಾತ್ರಿ

ನಮ್ಮ ಸೀಮೆಯಲ್ಲಿ ಡಿಸೆಂಬರ್ ತಿಂಗಳೆಂದರೆ ಮನೆ ಬಿಟ್ಟು ಹೊರಡತಕ್ಕ ಕಾಲವಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರಿಗೆ ಅದು ಕೊನೆಕೊಯ್ಲಿನ ದಿನಗಳು. ಹಗಲು ಕೊನೆಗೌಡನು ಮರದಿಂದ ಮರಕ್ಕೆ ದಾಟುತ್ತಿದ್ದರೆ ಕೆಳಗೆ ನಿಂತು ಅಡಿಕೆಯ ಲೆಕ್ಕ ನೋಡಬೇಕು, ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿಯಡಿಕೆ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಇಂತಹ ಹೊತ್ತಿನಲ್ಲಿ ಆರು ಮಂದಿ ಒಂದು ಮೋಟಾರು ಗಾಡಿಯಲ್ಲಿ ಕುಳಿತು ಆಂಧ್ರದ ಕಡಲತೀರಕ್ಕೆ, ಅದೂ ಆಕಾಶಕ್ಕೆ ಹಾರುವ ಒಂದು ಬಾಣವನ್ನು ನೋಡುವುದಕ್ಕಾಗಿ ಹೊರಟೆವೆಂದರೆ, ವಾಚಕರು ನಮ್ಮನ್ನು ಮನೆವಾರ್ತೆ ತಿಳಿಯದವರೆಂದು ಭಾವಿಸಬಹುದು. ಆದುದರಿಂದ ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ.

ಸಿದ್ದಾಪುರದ ನಮ್ಮ ಭಾವನವರು ಪ್ರಾಯದಲ್ಲಿ ಛಾಯಾಚಿತ್ರದ ಹುಚ್ಚಿನವರು. ಬೆಳುದಿಂಗಳಲ್ಲಿ ಜೋಗದ ಜಲಪಾತವನ್ನೂ, ಗ್ಯಾಸುದೀಪದ ಬೆಳಕಿನಲ್ಲಿ ಯಕ್ಷಗಾನದ ವೇಷಗಳನ್ನೂ ಫಿಲ್ಮಿನ ಮೇಲೆ ಹಿಡಿದವರು. ಅವರ ಜಗಲಿಯ ಗೋಡೆಯ ಮೇಲೆ ಆ ಚಿತ್ರಗಳು ಈಗಲೂ ಇವೆ. ರಾತ್ರಿಯ ವೇಳೆ ರಾಕೆಟ್ಟು ಹಾರುವುದನ್ನು ಒಮ್ಮೆ ಚಿತ್ರ ತೆಗೆಯಬೇಕೆಂಬುದು ಅವರ ಬಹುಕಾಲದ ಆಸೆ. ಆದರೆ ಮೂತ್ರಪಿಂಡದ ಕಾಯಿಲೆ ಬಂದು, ವಾರಕ್ಕೆ ಮೂರು ಸಲ ರಕ್ತ ಶುದ್ಧಿಮಾಡಿಸಿಕೊಳ್ಳಬೇಕಾಗಿ ಬಂದ ಮೇಲೆ ಅವರಿಗೆ ಊರು ಬಿಟ್ಟು ಎರಡು ರಾತ್ರಿ ಕಳೆಯುವುದು ಸಾಧ್ಯವಿಲ್ಲದಾಯಿತು. "ನೀವಾದರೂ ಹೋಗಿ ಒಂದೇ ಒಂದು ಚಿತ್ರ ತನ್ನಿ" ಎಂದು ಅವರು ಹೇಳಿದಾಗ ಕೊಯ್ಲಿನ ನೆವ ಹೇಳಲು ನಮಗೆ ಬಾಯಿ ಬರಲಿಲ್ಲ. ತಮ್ಮ ಹಳೆಯ ಮೂರುಕಾಲಿನ ಸ್ಟ್ಯಾಂಡನ್ನು ಒರೆಸಿ ಕೊಟ್ಟರು. ಕ್ಯಾಮೆರಾ ಯಲ್ಲಾಪುರದ ನಮ್ಮ ತಂಗಿಯ ಮಗನದು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಮಾಣಿ, ಚುರುಕಿನವನು.

ಅಭ್ಯಾಸವಿಲ್ಲದೆ ಹೋಗಬಾರದೆಂದು ಭಾವನವರದೇ ಅಪ್ಪಣೆ. ಹಾಗಾಗಿ ಯಲ್ಲಾಪುರದ ಆಚೆ ಅರಬೈಲ್ ಘಟ್ಟದ ತಿರುವಿನಲ್ಲಿ ಒಂದು ರಾತ್ರಿ ನಿಂತು, ಏರಿ ಬರುವ ಲಾರಿಗಳ ದೀಪಗಳನ್ನೇ ರಾಕೆಟ್ಟೆಂದು ತಿಳಿದು ಚಿತ್ರ ತೆಗೆದೆವು. ತತ್ತ್ವವು ಸುಲಭವಾದುದು. ಮಸೂರದ ಕಿಂಡಿಯನ್ನು ಬಹಳ ಕಿರಿದು ಮಾಡಿ, ಕದವನ್ನು ಬಹು ಹೊತ್ತು ತೆರೆದೇ ಇಟ್ಟರೆ, ಕತ್ತಲೆಯು ಕತ್ತಲೆಯಾಗಿಯೇ ಉಳಿದು, ಚಲಿಸುವ ಬೆಳಕು ಮಾತ್ರ ರಂಗೋಲಿಯ ಎಳೆಯಂತೆ ಮೂಡುತ್ತದೆ. ಲಾರಿಗಳ ಎಳೆಗಳು ಬಹಳ ಚೆನ್ನಾಗಿ ಬಂದವು. ಪ್ರತಿ ಚಿತ್ರವಾದ ಮೇಲೂ ಕ್ಯಾಮೆರಾ ಅಷ್ಟೇ ಹೊತ್ತು ಮಾತಾಡದೆ ಕುಳಿತಿರುತ್ತಿದ್ದುದನ್ನು ನಾವು ಕಂಡೆವಾದರೂ, ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದುದರಿಂದ ಅದನ್ನು ಲಕ್ಷಿಸಲಿಲ್ಲ. ಈ ಅಲಕ್ಷ್ಯದ ಫಲವನ್ನು ಮುಂದೆ ಹೇಳುವೆವು.

ಉಡಾವಣೆಯ ದಿನ 2024ನೆಯ ಡಿಸೆಂಬರ್ 30, ಸೋಮವಾರ. ಪಂಚಾಂಗ ನೋಡಿದ ನಮ್ಮ ಸೋದರತ್ತೆಯವರು ತಟಕ್ಕನೆ ಆಕ್ಷೇಪವೆತ್ತಿದರು: ಅಂದು ಮಾರ್ಗಶಿರದ ಅಮಾವಾಸ್ಯೆ. ಬಯಲುಸೀಮೆಯವರು ಎಳ್ಳಮವಾಸ್ಯೆಯೆಂದು ಹೊಲಕ್ಕೆ ಹೋಗಿ ಭೂಮಿಯನ್ನು ಪೂಜಿಸುವ ದಿನ. ಅಂತಹ ದಿನ ಯಾರಾದರೂ ಭೂಮಿಯನ್ನು ಬಿಟ್ಟು ಮೇಲಕ್ಕೆ ಹೋಗುವುದುಂಟೇ ಎಂದು ಅವರ ಪ್ರಶ್ನೆ. ಚಂದ್ರನಿಲ್ಲದ ಇರುಳು ಚಿತ್ರಕ್ಕೆ ಅನುಕೂಲವೆಂದು ಮಾಣಿ ವಾದಿಸಿದನು. ಕಡೆಗೆ ಹೋಗುವ ದಾರಿಯಲ್ಲಿ ತಿರುಪತಿ, ಕಾಳಹಸ್ತಿಗಳಿರುವುದನ್ನು ತಿಳಿದು ಅತ್ತೆಯವರೂ ತೊಡದೇವಿನ ಡಬ್ಬಿಯೊಡನೆ ಗಾಡಿ ಹತ್ತಿದರು. ತೊಡದೇವು ಕೋಲಾರ ಮುಟ್ಟುವ ಮೊದಲೇ ಪುಡಿಯಾಯಿತು. ಆದರೂ ರುಚಿ ಕೆಡಲಿಲ್ಲ.

ಬೆಂಗಳೂರು, ಮುಳಬಾಗಿಲು, ಚಿತ್ತೂರುಗಳನ್ನು ದಾಟಿ ತಿರುಪತಿಗೆ ಹೋಗುವ ಮಾರ್ಗವನ್ನು ಬಲ್ಲವರು ಬಹುಮಂದಿ, ಅದನ್ನು ವರ್ಣಿಸುವುದಿಲ್ಲ. ಕಾಳಹಸ್ತಿಯಿಂದ ಪೂರ್ವಕ್ಕೆ ನಡೆದರೆ ಸೂಳ್ಳೂರುಪೇಟೆ. ಇಲ್ಲಿ ಚೆಂಗಾಳಮ್ಮನ ದೇವಾಲಯವಿದೆ. ಹಗಲಿರುಳೂ ಬಾಗಿಲು ಮುಚ್ಚದಿರುವುದು ಈ ದೇವಾಲಯದ ಪದ್ಧತಿ. ಉಡಾವಣೆಗೆ ಮುನ್ನ ಅಂತರಿಕ್ಷ ಸಂಸ್ಥೆಯ ಹಿರಿಯರೂ ಇಲ್ಲಿ ಬಂದು ಕೈಮುಗಿಯುವುದುಂಟು. ನಮ್ಮ ಅತ್ತೆಯವರಿಗೆ ಇದು ಬಹಳ ಮೆಚ್ಚಿಕೆಯಾಗಿ, ಅಮಾವಾಸ್ಯೆಯ ಮಾತನ್ನು ಅಲ್ಲಿಂದ ಮುಂದೆ ಎತ್ತಲಿಲ್ಲ.

ಊರ ಮುಂದೆಯೇ ಪುಲಿಕಾಟ್ ಸರೋವರ. ಸಮುದ್ರದ ನೀರೂ ಹೊಳೆಯ ನೀರೂ ಬೆರೆತ ಈ ಹಿನ್ನೀರು, ನಮ್ಮ ದೇಶದಲ್ಲಿ ಒಡಿಸ್ಸಾದ ಚಿಲಿಕೆಯನ್ನು ಬಿಟ್ಟರೆ ಎರಡನೆಯದು. ಸರೋವರಕ್ಕೂ ಬಂಗಾಳ ಕೊಲ್ಲಿಗೂ ನಡುವೆ ಗೋಡೆಯಂತೆ ಮಲಗಿರುವ ಮರಳದಿಬ್ಬದ ದ್ವೀಪವೇ ಶ್ರೀಹರಿಕೋಟೆ. ಸೂಳ್ಳೂರುಪೇಟೆಯಿಂದ ದ್ವೀಪಕ್ಕೆ ನೀರಿನ ನಡುವೆಯೇ ರಸ್ತೆ ಹಾಯ್ದುಹೋಗಿದೆ. ಚಳಿಗಾಲದಲ್ಲಿ ಇಲ್ಲಿಗೆ ರಾಜಹಂಸಗಳು ಸಾವಿರಗಟ್ಟಲೆಯಾಗಿ ಬರುತ್ತವೆ. ಸಂಜೆ ದೂರದಲ್ಲಿ ಸಾಲಾಗಿ ನಿಂತ ತಿಳಿಗೆಂಪಿನ ಹಕ್ಕಿಗಳನ್ನು ನೋಡಿ, ಮಳೆಗಾಲದಲ್ಲಿ ಸೋಂದೆಯ ಮುಂಡಿಗೆಕೆರೆಯ ಗಿಡಗಳ ಮೇಲೆ ಬೆಳ್ಳಕ್ಕಿಗಳು ಗೂಡುಕಟ್ಟುವುದು ನಮಗೆ ನೆನಪಾಯಿತು. ಆ ಕೆರೆ ಅಂಗೈಯಷ್ಟು. ಇಲ್ಲಿ ನೀರಿಗೆ ಅಂಚೇ ಕಾಣದು.

ರಾಕೆಟ್ಟುಗಳಿಗೆ ಈ ದ್ವೀಪವನ್ನೇ ಏಕೆ ಆರಿಸಿದರು? ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿರುವುದರಿಂದ ಪೂರ್ವದತ್ತ ಹಾರಿಸಿದ ವಸ್ತುವಿಗೆ ಆ ವೇಗದ ಸಹಾಯ ದೊರೆಯುತ್ತದೆ. ಬಿದ್ದುಹೋಗುವ ಖಾಲಿ ಹಂತಗಳು ಜನರ ಮೇಲಲ್ಲದೆ ಕಡಲಿಗೇ ಬೀಳುತ್ತವೆ. 1979ರ ಆಗಸ್ಟ್ 10ರಂದು ಇಲ್ಲಿಂದ ಹೊರಟ ಮೊದಲ ಎಸ್‌ಎಲ್‌ವಿ-3 ಕಡಲಿಗೆ ಬಿತ್ತು. 1980ರ ಜುಲೈ 18ರಂದು ಎರಡನೆಯದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿತು. ಬೆಂಗಳೂರಿನ ವಿಜ್ಞಾನ ಮಂದಿರದ ನಿರ್ದೇಶಕರೂ ಅಂತರಿಕ್ಷ ಸಂಸ್ಥೆಯ ಅಧ್ಯಕ್ಷರೂ ಆಗಿದ್ದ ಸತೀಶ್ ಧವನರ ಹೆಸರನ್ನು 2002ರಲ್ಲಿ ಈ ಕೇಂದ್ರಕ್ಕೆ ಇಡಲಾಯಿತು. ಸಾರ್ವಜನಿಕರು ಕುಳಿತು ನೋಡಲು 2019ರಿಂದ ದ್ವೀಪದಲ್ಲಿಯೇ ಮೆಟ್ಟಿಲುಗಳ ಪ್ರೇಕ್ಷಾಂಗಣವಿದೆ. ಅದಕ್ಕೆ ಮುಂಚಿತವಾಗಿ ಹೆಸರು ಬರೆಸಬೇಕು. ನಾವು ಅಡಿಕೆ ಸುಲಿಯುತ್ತ ಕುಳಿತು ಆ ಕೆಲಸವನ್ನು ಮರೆತೆವು; ತಪ್ಪು ನಮ್ಮದೇ. ಆದಕಾರಣ ಸರೋವರದ ಈಚೆಯ ದಂಡೆಯೇ ನಮಗೆ ಗತಿಯಾಯಿತು. ಉಡಾವಣೆಯ ಕಟ್ಟೆಗೂ ನಮಗೂ ಇಪ್ಪತ್ತು ಕಿಲೋಮೀಟರುಗಳ ಆಸುಪಾಸು ಅಂತರ.

ಅಂದು ಹಾರತಕ್ಕುದು ಪಿಎಸ್‌ಎಲ್‌ವಿ-ಸಿ60. ನಲವತ್ತನಾಲ್ಕೂವರೆ ಮೀಟರು ಎತ್ತರ, ಇನ್ನೂರ ಇಪ್ಪತ್ತೊಂಬತ್ತು ಟನ್ನು ತೂಕ. ಮೊದಲನೆಯ ಹಂತವೊಂದರಲ್ಲೇ 139 ಟನ್ನು ಘನ ಇಂಧನವಿದ್ದು, ಅದು ಎರಡು ನಿಮಿಷಕ್ಕೂ ಮೊದಲೇ ಉರಿದು ಮುಗಿಯುತ್ತದೆ. ಮಾಣಿ ಲೆಕ್ಕಹಾಕಿ ಹೇಳಿದನು: ಸೆಕೆಂಡಿಗೆ ಹನ್ನೆರಡು ಕ್ವಿಂಟಲಿಗೂ ಮಿಗಿಲು. ನಮ್ಮಂಥವರ ಒಂದೆಕರೆ ತೋಟದ ಒಂದು ವರ್ಷದ ಬೆಳೆಯಷ್ಟು ತೂಕ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಗೆ! ಮೇಲೆ ಕುಳಿತಿದ್ದುದು ಇನ್ನೂರ ಇಪ್ಪತ್ತು ಕಿಲೋಗ್ರಾಮಿನ ಎರಡು ಉಪಗ್ರಹಗಳು. ಒಂದನ್ನೊಂದು ಅಟ್ಟಿಸಿಕೊಂಡು ಹೋಗಿ ಅಂತರಿಕ್ಷದಲ್ಲಿ ಕೈಹಿಡಿಯುವುದು ಅವುಗಳ ಕೆಲಸ.

ಹಾರುವ ಸಮಯ ರಾತ್ರಿ 9 ಘಂಟೆ 58 ನಿಮಿಷವೆಂದು ನಾವು ಮನೆಯಲ್ಲೇ ಬರೆದುಕೊಂಡಿದ್ದೆವು. ದಂಡೆಯಲ್ಲಿ ತೆಲುಗರು, ತಮಿಳರು, ಕನ್ನಡಿಗರು ಬೆರೆತು ಜಾತ್ರೆಯಂತೆ ನೆರೆದಿದ್ದರು. ಫೋನುಗಳಿಗೆ ಸಂಪರ್ಕ ಒಮ್ಮೆ ಬಂದರೆ ಹತ್ತು ಸಲ ಹೋಗುತ್ತಿತ್ತು. ಮಾಣಿ ಸ್ಟ್ಯಾಂಡಿನ ಕಾಲುಗಳನ್ನು ಕೆಸರಿನಲ್ಲಿ ಊರಿ, ಕ್ಯಾಮೆರಾವನ್ನು ಉದ್ದುದ್ದವಾಗಿ ನಿಲ್ಲಿಸಿ, ಕೆಳಗೆ ನೀರು ಮೇಲೆ ಆಕಾಶ ಬರುವಂತೆ ಸರಿಪಡಿಸಿದನು. ಸರಿಯಾಗಿ 9:58ಕ್ಕೆ ಕದ ತೆರೆದನು. ಎಲ್ಲರೂ ಉಸಿರು ಬಿಗಿಹಿಡಿದೆವು.

ಏನೂ ಆಗಲಿಲ್ಲ.

ಅರೆನಿಮಿಷ, ಒಂದು ನಿಮಿಷ. ದಿಗಂತದಲ್ಲಿ ದೀಪಗಳು ಹಾಗೆಯೇ ಉರಿಯುತ್ತಿದ್ದವು. ಆಗ ಹಿಂದೆ ಯಾರೋ ಹೇಳಿದರು, ಸಮಯವನ್ನು ಎರಡು ನಿಮಿಷ ಮುಂದೂಡಿದ್ದಾರೆ, ಹತ್ತು ಘಂಟೆ ಹದಿನೈದು ಸೆಕೆಂಡಿಗಂತೆ ಎಂದು. ಹೋಗುವ ದಾರಿಯಲ್ಲಿ ಬೇರೆ ಉಪಗ್ರಹಗಳು ಅಡ್ಡ ಬರುವ ಸಂಭವವಿದ್ದುದರಿಂದ ಹಾಗೆ ಮಾಡಿದ್ದರೆಂದು ಆಮೇಲೆ ತಿಳಿಯಿತು. ವ್ಯರ್ಥವಾದ ಚಿತ್ರವನ್ನು ಮುಗಿಸಿ ಹೊಸದನ್ನು ತೆಗೆಯೋಣವೆಂದು ಮಾಣಿ ಕದ ಮುಚ್ಚಿದನು. ಆಗ 9 ಘಂಟೆ 59 ನಿಮಿಷ 40 ಸೆಕೆಂಡು. ಮತ್ತೆ ಗುಂಡಿಯೊತ್ತಿದರೆ ಕ್ಯಾಮೆರಾ ಮಿಸುಕಲಿಲ್ಲ.

ವಾಚಕರೇ, ಅರಬೈಲಿನಲ್ಲಿ ಕಂಡ ಮೌನವೇ ಇದು. ಇಂದಿನ ಕ್ಯಾಮೆರಾಗಳಲ್ಲಿ ಒಂದು ಏರ್ಪಾಡಿದೆ. ದೀರ್ಘಕಾಲದ ಚಿತ್ರದಲ್ಲಿ ಬೀಳುವ ಕಲೆಗಳನ್ನು ತೆಗೆಯುವುದಕ್ಕಾಗಿ, ಅದು ಕದ ಮುಚ್ಚಿಕೊಂಡೇ ಅಷ್ಟೇ ಹೊತ್ತಿನ ಇನ್ನೊಂದು ಕಪ್ಪು ಚಿತ್ರ ತೆಗೆದು, ಎರಡನ್ನೂ ತಾಳೆನೋಡಿ, ಕಲೆಗಳನ್ನು ಕಳೆಯುತ್ತದೆ. ನೂರು ಸೆಕೆಂಡು ತೆರೆದಿತ್ತಾದ್ದರಿಂದ ಇನ್ನು ನೂರು ಸೆಕೆಂಡು ಅದು ಯಾರ ಮಾತನ್ನೂ ಕೇಳತಕ್ಕದ್ದಲ್ಲ. ಬೇಡವೆಂದರೆ ಈ ಏರ್ಪಾಡನ್ನು ಮೊದಲೇ ನಿಲ್ಲಿಸಿಡಬಹುದಂತೆ. ಫಿಲ್ಮಿನ ಕಾಲದ ಭಾವನವರಿಗೆ ಇದು ತಿಳಿದಿರಲಿಲ್ಲ. ಮಾಣಿಗೆ ತಿಳಿದಿದ್ದೂ ಮರೆತಿತ್ತು.

ಅಷ್ಟರಲ್ಲಿ ಪೂರ್ವದಂಚು ಬೆಳಗಾಯಿತು. ಬೇರೆ ರೀತಿಯಲ್ಲಿ ಹೇಳಲು ನಮಗೆ ಬಾರದು. ನೀರಿನಾಚೆ ಮೊದಲು ಕಿತ್ತಳೆಯ ಬಣ್ಣದ ಒಂದು ಗುಮ್ಮಟವೆದ್ದು, ಅದರ ನೆತ್ತಿಯನ್ನು ಸೀಳಿಕೊಂಡು ದಿಟ್ಟಿಸಲಾರದಂತಹ ಒಂದು ಉರಿಯ ಬೀಜ ಮೇಲೆ ಬಂದಿತು. ನಮ್ಮ ಕಾಲ ಬುಡದ ಹುಲ್ಲಿನ ಎಸಳುಗಳು ಕಂಡವು. ಪಕ್ಕದಲ್ಲಿದ್ದವರ ಮುಖಗಳು ಕಂಡವು. ಸರೋವರದ ಮೇಲೆ ಆ ಬೆಳಕಿನ ಎರಡನೆಯ ಕಂಬ ತಲೆಕೆಳಗಾಗಿ ನಮ್ಮತ್ತ ನೀಳವಾಗುತ್ತ ಬಂದಿತು. ಎಲ್ಲಿಯೋ ಕತ್ತಲಲ್ಲಿ ಹಕ್ಕಿಗಳು ಕೂಗಿಕೊಂಡು ಎದ್ದವು. ಇಷ್ಟಕ್ಕೂ ಸದ್ದೆಂಬುದೇ ಇಲ್ಲ. ಅಷ್ಟು ದೊಡ್ಡ ಬೆಂಕಿ ಅಷ್ಟು ಮೌನವಾಗಿ ಏರುವುದನ್ನು ನೋಡಿ ನಮ್ಮ ಎದೆ ನಡುಗಿತು. ಅತ್ತೆಯವರು ಕೈಮುಗಿದು ನಿಂತಿದ್ದರು. ಮಾಣಿಯೊಬ್ಬನೇ ಆಕಾಶವನ್ನು ನೋಡಲಿಲ್ಲ. ಅವನು ಕ್ಯಾಮೆರಾದ ಹಿಂಬದಿಯ ಕೆಂಪು ಚುಕ್ಕೆಯನ್ನೇ ನೋಡುತ್ತಿದ್ದನು. "ಮಾವ, ನನ್ನ ಕೈಯಾರೆ ಹಾಳುಮಾಡಿದೆ" ಎಂದು ಒಮ್ಮೆ ಅಂದನು. ನಾವು ಅವನ ಗಲ್ಲ ಹಿಡಿದು ಮುಖವನ್ನು ಮೇಲಕ್ಕೆತ್ತಿದೆವು.

ಒಂದು ನಿಮಿಷದ ಸುಮಾರಿಗೆ ಶಬ್ದ ಬಂದಿತು. ಶಬ್ದವು ಒಂದು ಕಿಲೋಮೀಟರು ನಡೆಯಲು ಸುಮಾರು ಮೂರು ಸೆಕೆಂಡು ಬೇಕಷ್ಟೆ. ಬೆಳಕು ಹೊರಟ ಎಷ್ಟೋ ಹೊತ್ತಿನ ಮೇಲೆ ಅದರ ಗುಡುಗು ನೀರಿನ ಮೇಲೆ ಉರುಳಿಕೊಂಡು ಬಂದು ನಮ್ಮ ಎದೆಗೂಡನ್ನು ಹೊಕ್ಕಿತು. ಆಷಾಢದಲ್ಲಿ ಜೋಗದ ದಾರಿಯಲ್ಲಿ ಜಲಪಾತ ಕಾಣುವ ಮೊದಲೇ ನೆಲದೊಳಗಿನಿಂದ ಕೇಳಿಬರುವ ಮೊರೆತವನ್ನು ಬಲ್ಲವರು ಇದನ್ನು ಊಹಿಸಬಹುದು. ರಾಕೆಟ್ಟು ಆ ವೇಳೆಗೆ ಬಹಳ ಮೇಲಕ್ಕೆ ಹೋಗಿ ಆಗ್ನೇಯಕ್ಕೆ ಬಾಗುತ್ತಿತ್ತು. ಆ ಗುಡುಗಿನ ನಡುವೆಯೇ ಕ್ಯಾಮೆರಾ ಎಚ್ಚೆತ್ತಿತು. ಮಾಣಿ ಗುಂಡಿಯೊತ್ತಿದನು. ಹಾರಿದ ಒಂದು ನಿಮಿಷ ಐದು ಸೆಕೆಂಡಿನಿಂದ ಮುಂದಕ್ಕೆ, ಮೊದಲ ಹಂತವು ಆರಿ, ಕಣ್ಣಿಗೆ ಒಂದು ಕ್ಷಣ ಕತ್ತಲಾಗಿ, ಎರಡನೆಯ ಹಂತ ನಕ್ಷತ್ರದಂತೆ ಹೊತ್ತಿಕೊಂಡು ದೂರ ಸರಿಯುವವರೆಗೆ ಕದ ತೆರೆದಿತ್ತು.

ಹದಿನೈದು ನಿಮಿಷಗಳಲ್ಲಿ ಉಪಗ್ರಹಗಳೆರಡೂ ಬೇರ್ಪಟ್ಟವೆಂಬ ಸುದ್ದಿ ಬಂದು ಜನರು ಚಪ್ಪಾಳೆ ತಟ್ಟಿದರು. ನಮ್ಮ ಗಾಡಿಯಲ್ಲಿ ಮಾತ್ರ ಕಾಳಹಸ್ತಿಯವರೆಗೆ ಯಾರೂ ಮಾತನಾಡಲಿಲ್ಲ.

ಊರಿಗೆ ಬಂದ ಮರುದಿನ ಶಿರಸಿಯಲ್ಲಿ ಚಿತ್ರವನ್ನು ದೊಡ್ಡದಾಗಿ ಅಚ್ಚುಮಾಡಿಸಿ ಸಿದ್ದಾಪುರಕ್ಕೆ ಕೊಂಡೊಯ್ದೆವು. ಕೆಳಗೆ ಕಪ್ಪು ನೀರು. ಅದರ ಮೇಲೆ ಏನೂ ಇಲ್ಲ. ಅರ್ಧ ಆಕಾಶದಿಂದ ಮೊದಲಾಗುವ ಒಂದು ಚಿನ್ನದ ಎಳೆ ಬಲಕ್ಕೆ ಬಾಗಿ, ಒಂದು ಕಡೆ ಕಡಿದು, ಮತ್ತೆ ತೆಳ್ಳಗೆ ಮುಂದುವರಿದಿದೆ. ಭಾವನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ, "ಮಾಣೀ, ಮರ ಚೊಲೋ ಇದ್ದು. ಬುಡ ಎಂತಾತು?" ಎಂದು ಕೇಳಿದರು. ಮಾಣಿ ತಲೆತಗ್ಗಿಸಿ ಎಲ್ಲವನ್ನೂ ಹೇಳಿದನು. ಭಾವನವರು ನಕ್ಕರು, ಬುಡವನ್ನು ತಾವು ಅಂದೇ ಟೀವಿಯಲ್ಲಿ ನೋಡಿದ್ದಾಗಿಯೂ, ಈ ಮೇಲಿನ ಕಡಿತ ಅಲ್ಲಿ ಕಾಣಿಸಿರಲಿಲ್ಲವೆಂದೂ ಹೇಳಿ, ಒಂದು ಹಂತ ಬಿದ್ದು ಇನ್ನೊಂದು ಹೊತ್ತಿಕೊಂಡ ಆ ಬಿರುಕಿನ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ನೋಡಿದರು. ಶಬ್ದ ಎಷ್ಟು ಹೊತ್ತಿಗೆ ಬಂತು, ಹೇಗಿತ್ತು ಎಂದು ಅತ್ತೆಯವರನ್ನು ಮೂರು ಸಲ ಕೇಳಿದರು.

ಅದೇ ರಾಕೆಟ್ಟಿನ ನಾಲ್ಕನೆಯ ಹಂತವನ್ನು ಕಕ್ಷೆಯಲ್ಲಿಯೇ ಉಳಿಸಿಕೊಂಡು ಅದರೊಳಗೆ ಎಂಟು ಅಲಸಂದೆ ಬೀಜಗಳನ್ನು ಮೊಳೆಯಿಸಿದ ಸುದ್ದಿ ಜನವರಿಯ ಮೊದಲ ವಾರದಲ್ಲಿ ಬಂದಿತು. ನಾಲ್ಕು ದಿನಗಳಲ್ಲಿ ಮೊಳಕೆ, ಆಮೇಲೆ ಎಲೆ. ಅತ್ತೆಯವರಿಗೆ ಉಪಗ್ರಹಗಳಿಗಿಂತ ಇದೇ ಹಿಡಿಸಿತು. ಅವರೂ ಎಂಟು ಬೀಜ ನೆನೆಹಾಕಿದರು. ಜನವರಿ 16ರಂದು ಉಪಗ್ರಹಗಳೆರಡೂ ಕೂಡಿಕೊಂಡು, ಈ ವಿದ್ಯೆಯನ್ನು ಸಾಧಿಸಿದ ನಾಲ್ಕನೆಯ ದೇಶ ನಮ್ಮದೆನಿಸಿದಾಗ ಅವರ ಬಳ್ಳಿ ಬೇಲಿಯನ್ನು ಮುಟ್ಟಲು ಹವಣಿಸುತ್ತಿತ್ತು. ಮೇಲಿನ ಗಿಡಗಳು ಹಿಂದಿರುಗುವುವೇ ಎಂದು ಕೇಳಿದ್ದರು, ಇಲ್ಲವೆಂದು ಹೇಳಬೇಕಾಯಿತು. ಆ ನಾಲ್ಕನೆಯ ಹಂತವು 2025ರ ಏಪ್ರಿಲ್ 4ರಂದು ಹಿಂದೂ ಮಹಾಸಾಗರದ ಮೇಲೆ ವಾಯುಮಂಡಲವನ್ನು ಹೊಕ್ಕು ಮುಗಿದುಹೋಯಿತು.

ಚಿತ್ರವು ಈಗ ಸಿದ್ದಾಪುರದ ಜಗಲಿಯಲ್ಲಿ, ಬೆಳುದಿಂಗಳ ಜೋಗಕ್ಕೂ ಒಂದು ಬಣ್ಣದ ವೇಷಕ್ಕೂ ನಡುವೆ ತೂಗುತ್ತಿದೆ. ಮಾಣಿಯ ಕ್ಯಾಮೆರಾ ಚೀಲದಲ್ಲಿ ಭಾವನವರು ಒಂದು ಚೀಟಿಯನ್ನು ಬರೆದಿಟ್ಟಿದ್ದಾರೆ. ಕಲೆ ತೆಗೆಯುವ ಏರ್ಪಾಡನ್ನು ನಿಲ್ಲಿಸುವುದು. ಹೊತ್ತನ್ನು ಅಲ್ಲಿಯೇ ಕೇಳಿ ತಿಳಿಯುವುದು. ಕೊಯ್ಲಿಗೆ ಮೊದಲೇ ಹೆಸರು ಬರೆಸುವುದು. ಅಕ್ಷರಗಳು ಸ್ವಲ್ಪ ನಡುಗಿವೆ. ಆದರೆ ಓದಲು ತೊಂದರೆಯಿಲ್ಲ.